ಪರ್ಸಿಮನ್ ಹಣ್ಣನ್ನು ಮಧುಮೇಹ ಇರುವವರಿಗೆ ಕೊಡಬಹುದೇ? ಎಷ್ಟು, ಹೇಗೆ?

ಸಪ್ತಾಪುರದ ಸೊಸೆ, ಧಾರವಾಡ:

ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮ ಯಜಮಾನರು ಹುಬ್ಬಳ್ಳಿಯಿಂದ ಬರುವಾಗ ಹಣ್ಣಿನ ಅಂಗಡಿಯೊಂದರಲ್ಲಿ ಆರು ಹಣ್ಣುಗಳಿದ್ದ ಪೆಟ್ಟಿಗೆಯನ್ನು ಕೊಂಡು ತಂದರು. ಅವುಗಳಲ್ಲಿ ನಾಲ್ಕು ಟೊಮೆಟೊದಂತೆ ಚಪ್ಪಟೆಯಾಗಿವೆ, ಎರಡು ತುಸು ಉದ್ದವಾಗಿ ತುದಿಯಲ್ಲಿ ಚೂಪಾಗಿವೆ. ಎಲ್ಲದರ ಬಣ್ಣವೂ ಕಿತ್ತಳೆ, ತೊಟ್ಟಿನ ಬಳಿ ನಾಲ್ಕು ಎಸಳಿನ ಒಣಗಿದ ಟೊಪ್ಪಿಗೆ ಅಂಟಿಕೊಂಡಿದೆ. ಅಂಗಡಿಯವರು ಇದನ್ನು ರಾಮಫಲವೆಂದು ಕರೆದರಂತೆ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಪರ್ಸಿಮನ್ ಎಂದು ಬರೆದಿದೆ. ನಾನು ಹುಟ್ಟಿ ಬೆಳೆದ ಊರಿನಲ್ಲಿ ರಾಮಫಲದ ಗಿಡ ಹಿತ್ತಲಲ್ಲೇ ಇತ್ತು, ಆ ಹಣ್ಣು ಇದಲ್ಲ ಎಂಬುದು ನನಗೆ ಗೊತ್ತು.

ನನ್ನ ಪ್ರಶ್ನೆ ಅತ್ತೆಯವರ ಕುರಿತಾದದ್ದು. ಅವರಿಗೆ 68 ವರ್ಷ, ಹನ್ನೆರಡು ವರ್ಷಗಳಿಂದ ಮಧುಮೇಹವಿದ್ದು ಮಾತ್ರೆ ತೆಗೆದುಕೊಳ್ಳುತ್ತಾರೆ. ಹಣ್ಣೆಂದರೆ ಅವರಿಗೆ ಪ್ರಾಣ, ಆದರೆ ಆಪೂಸಿನ ಕಾಲದಲ್ಲಿ ಒಂದೆರಡು ಹೋಳು ಬಾಯಿಗೆ ಹಾಕಿಕೊಂಡು ತಟ್ಟೆಯನ್ನು ಮೊಮ್ಮಗಳ ಕಡೆಗೆ ಸರಿಸುವುದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ. ಈ ಹಣ್ಣು ಸಕ್ಕರೆ ಕಾಯಿಲೆಗೆ ಔಷಧವಿದ್ದಂತೆ, ದಿನಕ್ಕೆ ಎರಡು ತಿನ್ನಿಸಬಹುದು ಎಂದು ಅಂಗಡಿಯವರು ಹೇಳಿ ಕಳುಹಿಸಿದ್ದಾರೆ. ಅದನ್ನು ಕೇಳಿದಾಗಿನಿಂದ ಅತ್ತೆಯವರ ಕಣ್ಣು ಆ ಪೆಟ್ಟಿಗೆಯ ಮೇಲೆಯೇ ಇದೆ. ಆದರೆ ಒಂದು ಚೂಪು ಹಣ್ಣನ್ನು ಕೊಯ್ದು ನಾನೇ ಮೊದಲು ರುಚಿ ನೋಡಿದಾಗ ನಾಲಿಗೆಯೆಲ್ಲ ಎಳೆದು ಹಿಡಿದಂತಾಗಿ, ಅರ್ಧ ಗಂಟೆ ಬಾಯಿ ಒಗರಾಗಿಯೇ ಉಳಿಯಿತು. ಹೀಗಾಗಿ ಯಾರಿಗೂ ಕೊಡದೆ ಇಟ್ಟಿದ್ದೇನೆ.

ಅಂತರ್ಜಾಲದಲ್ಲಿ ಹುಡುಕಿದರೆ ಗೊಂದಲ ಹೆಚ್ಚಾಯಿತು. ಒಂದು ಹಣ್ಣಿನಿಂದ ದಿನದ ಅಗತ್ಯದ 55 ಪ್ರತಿಶತ ಎ ಜೀವಸತ್ವ ಸಿಗುತ್ತದೆ ಎಂದು ಒಂದು ಕಡೆ, ಆ 55ರ ಮೂರನೆಯ ಒಂದು ಭಾಗದಷ್ಟು ಮಾತ್ರ ಎಂದು ಇನ್ನೊಂದು ಕಡೆ ಬರೆದಿದ್ದಾರೆ. ನೂರು ಗ್ರಾಂ ಹಣ್ಣಿನಲ್ಲಿ ಸಿ ಜೀವಸತ್ವ 66 ಮಿಲಿಗ್ರಾಂ ಎಂದು ಒಬ್ಬರು, 7.5 ಮಿಲಿಗ್ರಾಂ ಎಂದು ಮತ್ತೊಬ್ಬರು. ಇವುಗಳಲ್ಲಿ ಯಾವುದನ್ನು ನಂಬಬೇಕು? ಮನೆಯಲ್ಲಿ 74 ವರ್ಷದ ಮಾವನವರೂ, ಪಲ್ಯ ಮುಟ್ಟದೆ ಆಗಾಗ ಮಲಬದ್ಧತೆಯಿಂದ ಅಳುವ ಒಂಬತ್ತು ವರ್ಷದ ಮಗಳೂ ಇದ್ದಾರೆ. ತಿಳಿದವರು ದಯವಿಟ್ಟು ತಿಳಿಸಿರಿ.

ಗದಗ ಮಾಸ್ತರ:

ತಂಗೀ, ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಆಹಾರದ ಲೆಕ್ಕವನ್ನು ಬಲ್ಲವರು ಹೇಳಲಿ, ಹೆಸರಿನ ಗೊಂದಲವನ್ನಷ್ಟೇ ನಾನು ಬಿಡಿಸುತ್ತೇನೆ. ಇದು ಸಣ್ಣ ವಿಷಯವೆಂದು ಬಿಡುವಂತಿಲ್ಲ, ಏಕೆಂದರೆ ತಪ್ಪು ಹೆಸರಿನಿಂದ ಹುಡುಕಿದರೆ ಸಿಗುವ ಅಂಕಿಗಳೂ ತಪ್ಪಾಗಿರುತ್ತವೆ.

ನಮ್ಮ ರಾಮಫಲ ಸೀತಾಫಲದ ಸಹೋದರ. ಎರಡೂ ಅನೋನ ಎಂಬ ಕುಲದವು, ಮೂಲತಃ ಅಮೆರಿಕ ಖಂಡದಿಂದ ಬಂದು ನಮ್ಮ ಹಿತ್ತಲುಗಳಲ್ಲಿ ನೆಲೆಯೂರಿದವು. ನಿಮ್ಮ ಮನೆಗೆ ಬಂದ ಹಣ್ಣಿನ ಕುಲ ಡಯೋಸ್ಪೈರಸ್, ಜಾತಿ ಕಾಕಿ. ಕಾಕಿ ಎಂಬುದು ಜಪಾನಿ ಭಾಷೆಯಲ್ಲಿ ಈ ಹಣ್ಣಿಗಿರುವ ಹೆಸರು. ಪರ್ಸಿಮನ್ ಎಂಬ ಪದವಾದರೋ ಉತ್ತರ ಅಮೆರಿಕದ ಮೂಲನಿವಾಸಿಗಳ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು, ಅಲ್ಲಿ ಇದೇ ಕುಲದ ಬೇರೊಂದು ಜಾತಿ ಕಾಡಿನಲ್ಲಿ ಬೆಳೆಯುತ್ತದೆ. ಇಂದು ಜಗತ್ತಿನಲ್ಲಿ ಕಾಕಿಯನ್ನು ಅತ್ಯಂತ ಹೆಚ್ಚು ಬೆಳೆಯುವ ದೇಶ ಚೀನಾ. ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಕುಲ್ಲು ಕಡೆಯ ತೋಟಗಳು ಇದಕ್ಕೆ ಹೆಸರಾಗಿವೆ, ನೀಲಗಿರಿಯ ಕೂನೂರಿನಲ್ಲಿಯೂ ಇದು ಬೆಳೆಯುತ್ತದೆ. ಉತ್ತರದ ಕೆಲವು ಮಾರುಕಟ್ಟೆಗಳಲ್ಲಿ ಇದನ್ನು ರಾಮಫಲವೆಂದೂ ಅಮರಫಲವೆಂದೂ ಮಾರುತ್ತಾರೆ, ಆದ್ದರಿಂದ ನಿಮ್ಮ ಅಂಗಡಿಯವರು ಬೇಕೆಂದೇ ತಪ್ಪು ಹೇಳಿದರು ಎನ್ನಲಾಗದು. ಹಣ್ಣಿನ ಜೊತೆಗೆ ಹೆಸರೂ ಲಾರಿ ಹತ್ತಿ ಬಂದಿದೆ.

ನೀವು ವರ್ಣಿಸಿದ ನಾಲ್ಕೆಸಳಿನ ಟೊಪ್ಪಿಗೆಯನ್ನು ಓದಿದ ಕೂಡಲೇ ನನಗೆ ನೆನಪಾದದ್ದು ನಮ್ಮ ತುಮರಿ ಹಣ್ಣು. ಹೂವಿನ ಪುಷ್ಪಪಾತ್ರೆ ಉದುರದೆ ಹಣ್ಣಿನ ತಲೆಯ ಮೇಲೆ ಉಳಿದು ಬೆಳೆಯುವುದು ಈ ಕುಲದ ಗುರುತು. ಬೀಡಿ ಕಟ್ಟುವ ಎಲೆಯ ಮರವೆಂದು ಎಲ್ಲರೂ ತುಮರಿಯನ್ನು ಬಲ್ಲರು, ಆದರೆ ಅದು ಕಾಕಿಯ ಹತ್ತಿರದ ಬಂಧು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ನಾವು ಹುಡುಗರಿದ್ದಾಗ ಬೇಸಿಗೆಯ ರಜೆಯಲ್ಲಿ ಗುಡ್ಡಕ್ಕೆ ಹೋದವರು ತುಮರಿಯ ಹಳದಿ ಹಣ್ಣುಗಳನ್ನು ಅಂಗಿಯ ಕಿಸೆಯಲ್ಲಿ ತುಂಬಿಕೊಂಡು ಬರುತ್ತಿದ್ದೆವು. ಪೂರ್ತಿ ಮಾಗಿದ್ದು ಸಿಹಿ, ಅರೆಮಾಗಿದ್ದು ಒಗರು. ನಿಮ್ಮ ನಾಲಿಗೆಯನ್ನು ಎಳೆದು ಹಿಡಿದದ್ದು ಅದೇ ಒಗರು, ಅದೇ ವಸ್ತು, ಟ್ಯಾನಿನ್. ಅರೆಮಾಗಿದ್ದನ್ನು ತಿಂದರೆ ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ ಎಂದು ನಮ್ಮ ಅಜ್ಜಿ ಗದರುತ್ತಿದ್ದಳು. ಆ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂದು ವೈದ್ಯಕೀಯ ಬಲ್ಲವರು ಯಾರಾದರೂ ಇಲ್ಲಿ ಬರೆದರೆ ನನಗೂ ಉಪಕಾರವಾಗುತ್ತದೆ.

ವಿದ್ಯಾನಗರದ ಆಹಾರ ತಜ್ಞೆ, ಹುಬ್ಬಳ್ಳಿ:

ಅಕ್ಕಾವರೆ, ನಿಮ್ಮ ಅಂಕಿಗಳ ಗೊಂದಲದಿಂದಲೇ ಆರಂಭಿಸುತ್ತೇನೆ. ನೀವು ಓದಿದ ಅಂಕಿಗಳಲ್ಲಿ ಯಾವುದನ್ನೂ ಯಾರೂ ಹುಟ್ಟಿಸಿಕೊಂಡು ಬರೆದಿಲ್ಲ, ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿದ್ದಾರೆ.

ಸಿ ಜೀವಸತ್ವ 66 ಮಿಲಿಗ್ರಾಂ ಎಂಬುದು ಮಾಸ್ತರರು ಹೇಳಿದ ಅಮೆರಿಕದ ಕಾಡುಜಾತಿಯದು. ನಿಮ್ಮ ಮನೆಯಲ್ಲಿರುವ ಕಾಕಿ ಜಾತಿಗೆ ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕ ಕೊಡುವ ಅಂಕಿ ನೂರು ಗ್ರಾಮಿಗೆ 7.5 ಮಿಲಿಗ್ರಾಂ ಮಾತ್ರ. ಧಾರವಾಡದಲ್ಲಿದ್ದುಕೊಂಡು ಸಿ ಜೀವಸತ್ವಕ್ಕಾಗಿ ಈ ಹಣ್ಣನ್ನು ಕೊಳ್ಳುವ ಅಗತ್ಯವೇ ಇಲ್ಲ, ಏಕೆಂದರೆ ಅದೇ ಕೋಷ್ಟಕದಲ್ಲಿ ಪೇರಲ ಹಣ್ಣಿಗೆ ನೂರು ಗ್ರಾಮಿಗೆ 228 ಮಿಲಿಗ್ರಾಂ ಇದೆ, ಮತ್ತು ಧಾರವಾಡದ ಪೇರಲವನ್ನು ನಾನು ನಿಮಗೆ ಪರಿಚಯಿಸಬೇಕಾಗಿಲ್ಲ.

ಎ ಜೀವಸತ್ವದ ಕತೆ ಬೇರೆ. ಹಣ್ಣಿನಲ್ಲಿ ನೇರವಾಗಿ ಎ ಜೀವಸತ್ವ ಇರುವುದಿಲ್ಲ. ಅದರ ಕಿತ್ತಳೆ ಬಣ್ಣಕ್ಕೆ ಕಾರಣವಾದ ಕ್ಯಾರೊಟಿನಾಯ್ಡುಗಳನ್ನು ನಮ್ಮ ದೇಹ ಎ ಜೀವಸತ್ವವಾಗಿ ಬದಲಿಸಿಕೊಳ್ಳುತ್ತದೆ. ಹಳೆಯ ಅಳತೆಯ ಪ್ರಕಾರ ಈ ಬದಲಾವಣೆ ಬಹಳ ಸುಲಭವೆಂದು ಭಾವಿಸಿ ಲೆಕ್ಕ ಹಾಕುತ್ತಿದ್ದರು, ಅದರಿಂದ 168 ಗ್ರಾಂ ತೂಗುವ ಒಂದು ಹಣ್ಣಿಗೆ 55 ಪ್ರತಿಶತ ಎಂಬ ಅಂಕಿ ಬಂತು. ಈಗಿನ ಲೆಕ್ಕದಲ್ಲಿ 12 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್ ಅಥವಾ 24 ಮೈಕ್ರೋಗ್ರಾಂ ಬೀಟಾ ಕ್ರಿಪ್ಟೋಕ್ಸಾಂಥಿನ್ ಸೇರಿದರೆ ಒಂದು ಮೈಕ್ರೋಗ್ರಾಂ ಎ ಜೀವಸತ್ವಕ್ಕೆ ಸಮ. ಕಾಕಿಯ ನೂರು ಗ್ರಾಮಿನಲ್ಲಿ ಮೊದಲನೆಯದು ಸುಮಾರು 253, ಎರಡನೆಯದು 1,447 ಮೈಕ್ರೋಗ್ರಾಂ ಇರುತ್ತದೆ. ಭಾಗಿಸಿ ಕೂಡಿಸಿದರೆ 81 ಮೈಕ್ರೋಗ್ರಾಂ ಬರುತ್ತದೆ. ಒಂದು ಪೂರ್ತಿ ಹಣ್ಣಿಗೆ ಅದು ಸುಮಾರು 136 ಆಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕ ಹೆಂಗಸರಿಗೆ ದಿನಕ್ಕೆ 840 ಮೈಕ್ರೋಗ್ರಾಂ ಎಂದು ಹೇಳಿದೆ, ಅಂದರೆ ಒಂದು ಹಣ್ಣಿನಿಂದ ಸಿಗುವುದು ಅದರ ಆರನೆಯ ಒಂದು ಭಾಗ. ಇದು ಕಡಿಮೆಯಲ್ಲ. ಇದರ ಜೊತೆಗೆ ನೂರು ಗ್ರಾಮಿಗೆ 834 ಮೈಕ್ರೋಗ್ರಾಂನಷ್ಟು ಲ್ಯೂಟೀನ್ ಮತ್ತು ಜಿಯಾಕ್ಸಾಂಥಿನ್ ಇವೆ. ನಮ್ಮ ಕಣ್ಣಿನ ಅಕ್ಷಿಪಟಲದ ನಟ್ಟನಡುವೆ ಶೇಖರವಾಗುವ ಹಳದಿ ವರ್ಣದ್ರವ್ಯಗಳು ಇವೇ. ಈ ಬಣ್ಣಗಳೆಲ್ಲ ಕೊಬ್ಬಿನಲ್ಲಿ ಕರಗುವಂಥವು, ಆದ್ದರಿಂದ ಹಣ್ಣಿನ ಜೊತೆಗೆ ನಾಲ್ಕು ಶೇಂಗಾ ಬೀಜವೋ ಸ್ವಲ್ಪ ಕೆನೆಮೊಸರೋ ಇದ್ದರೆ ಅವು ಚೆನ್ನಾಗಿ ಮೈಗೂಡುತ್ತವೆ.

ನನ್ನ ದೃಷ್ಟಿಯಲ್ಲಿ ಈ ಹಣ್ಣಿನ ದೊಡ್ಡ ಗುಣ ನಾರಿನಂಶ. ನೂರು ಗ್ರಾಮಿಗೆ 3.6 ಗ್ರಾಂ, ಪೂರ್ತಿ ಹಣ್ಣಿಗೆ ಆರು ಗ್ರಾಂ. ಬಾಳೆಹಣ್ಣಿನಲ್ಲಿ ನೂರು ಗ್ರಾಮಿಗೆ ಇರುವುದು 2.6 ಗ್ರಾಂ. ನಿಮ್ಮ ಮಗಳಿಗೆ ಚಪ್ಪಟೆ ಜಾತಿಯ ಅರ್ಧ ಹಣ್ಣನ್ನು ಊಟದ ನಂತರ ಕೊಡಿರಿ, ಮೇಲೆ ನೀರು ಕುಡಿಸಿರಿ. ಆದರೆ ಒಗರಿರುವ ಹಣ್ಣನ್ನು ಅವಳಿಗೆ ಖಂಡಿತ ಕೊಡಬೇಡಿರಿ, ಏಕೆಂದರೆ ಟ್ಯಾನಿನ್ ಮಲಬದ್ಧತೆಯನ್ನು ಹೆಚ್ಚಿಸುತ್ತದೆ. ಒಂದೇ ಹಣ್ಣು ಮಾಗಿದಾಗ ಒಂದು ಪರಿಣಾಮ, ಕಾಯಾಗಿದ್ದಾಗ ಅದಕ್ಕೆ ವಿರುದ್ಧ ಪರಿಣಾಮ.

ಇನ್ನು ಅತ್ತೆಯವರ ವಿಷಯ. ಇದು ಮಧುಮೇಹಕ್ಕೆ ಔಷಧವಲ್ಲ. ಹಾಗೆ ಹೇಳಿದವರ ಮಾತನ್ನು ದಯವಿಟ್ಟು ಪಕ್ಕಕ್ಕಿಡಿರಿ. ಇದರ ಪಾಲಿಫಿನಾಲುಗಳು ಸಕ್ಕರೆಯನ್ನೂ ಕೊಲೆಸ್ಟರಾಲನ್ನೂ ಇಳಿಸುತ್ತವೆ ಎಂಬ ಅಧ್ಯಯನಗಳಲ್ಲಿ ಹೆಚ್ಚಿನವು ಪ್ರಯೋಗಾಲಯದಲ್ಲಿ ಮತ್ತು ಇಲಿಗಳ ಮೇಲೆ ನಡೆದವು. ಅವನ್ನು ನಂಬಿ ಮಾತ್ರೆಯ ಪ್ರಮಾಣವನ್ನು ಬದಲಿಸುವಂತಿಲ್ಲ. ಆದರೆ ಮಧುಮೇಹದವರು ಹಣ್ಣನ್ನೇ ಮುಟ್ಟಬಾರದು ಎಂಬುದೂ ತಪ್ಪು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ ನೂರು ಗ್ರಾಂ ಹಣ್ಣು ಎಂದಿದೆ. ಕಾಕಿಯ ನೂರು ಗ್ರಾಮಿನಲ್ಲಿ 70 ಕ್ಯಾಲೊರಿ, ಒಟ್ಟು ಶರ್ಕರಪಿಷ್ಟ 18.6 ಗ್ರಾಂ, ಅದರಲ್ಲಿ ಸಕ್ಕರೆ 12.5 ಗ್ರಾಂ ಇದೆ. ಪೂರ್ತಿ ಹಣ್ಣು ತಿಂದರೆ 31 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಹೋಗುತ್ತದೆ, ಅದು ಹೆಚ್ಚುಕಡಿಮೆ 45 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಗೆ ಸಮ. ದಿನಕ್ಕೆ ಎರಡು ಹಣ್ಣೆಂದರೆ ಎರಡು ರೊಟ್ಟಿಯನ್ನು ಹೆಚ್ಚಿಗೆ ತಿಂದ ಲೆಕ್ಕ.

ಆದ್ದರಿಂದ ಅರ್ಧ ಹಣ್ಣು, ಅಂದರೆ ಎಂಬತ್ತು ಗ್ರಾಂನಷ್ಟು ಕೊಡಿರಿ. ಅದು ಸಂಜೆ ನಾಲ್ಕರ ಹೊತ್ತಿಗಿರಲಿ, ಚಹಾದ ಜೊತೆಗೆ ಅವರು ತಿನ್ನುವ ಬಿಸ್ಕತ್ತಿನ ಬದಲಿಗೆ. ರಸ ಹಿಂಡಬೇಡಿರಿ, ಹಿಂಡಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಮೊದಲ ದಿನ ತಿನ್ನುವ ಮೊದಲು ಒಮ್ಮೆ, ಎರಡು ಗಂಟೆಯ ನಂತರ ಒಮ್ಮೆ ಮನೆಯ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಡಿರಿ. ಯಾರ ಪುಸ್ತಕಕ್ಕಿಂತಲೂ ಅವರ ಮೈ ಕೊಡುವ ಉತ್ತರವೇ ನಿಮಗೆ ಮುಖ್ಯ. ಹನ್ನೆರಡು ವರ್ಷದ ಮಧುಮೇಹವೆಂದಿರಿ. ಮೂತ್ರಪಿಂಡದ ತೊಂದರೆಯಿದ್ದು ವೈದ್ಯರು ಪೊಟ್ಯಾಶಿಯಂ ಮಿತಿ ಹೇಳಿದ್ದರೆ ಅವರನ್ನು ಕೇಳಿಯೇ ಕೊಡಿರಿ. ಬಾಳೆಹಣ್ಣಿನ 358 ಮಿಲಿಗ್ರಾಮಿಗೆ ಹೋಲಿಸಿದರೆ ಇದರಲ್ಲಿ ನೂರು ಗ್ರಾಮಿಗೆ 161 ಮಿಲಿಗ್ರಾಂ ಮಾತ್ರ ಇದೆ, ಆದರೂ ಅಂಥವರಿಗೆ ಎಲ್ಲವನ್ನೂ ಲೆಕ್ಕ ಹಿಡಿಯಬೇಕಾಗುತ್ತದೆ. ನೀವೇ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಹೊತ್ತಿಗೆ ಒಗರು ಹಣ್ಣು ಬೇಡ. ಮಾತ್ರೆಯ ಹಿಂದೆಯೇ ಚಹಾ ಕುಡಿಯಬಾರದೆಂದು ಹೇಳುವುದೂ ಟ್ಯಾನಿನ್ ಕಾರಣಕ್ಕಾಗಿಯೇ.

ಹಾವೇರಿಯ ಮಾಜಿ ಸೈನಿಕ:

ಅಕ್ಕಾವರೆ, ನಾನು ಸೇನೆಯಲ್ಲಿದ್ದಾಗ ಎರಡು ವರ್ಷ ಹಿಮಾಚಲದಲ್ಲಿ ಇದ್ದೆ. ಅಲ್ಲಿ ಇದಕ್ಕೆ ಜಪಾನಿ ಫಲ ಎನ್ನುತ್ತಾರೆ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಎಲೆಗಳೆಲ್ಲ ಉದುರಿದ ಮೇಲೂ ಬರಿಯ ಕೊಂಬೆಗಳಲ್ಲಿ ಹಣ್ಣುಗಳು ದೀಪ ಹಚ್ಚಿಟ್ಟಂತೆ ತೂಗುತ್ತಿರುತ್ತವೆ. ನಾನೂ ಮೊದಲ ಸಲ ಉದ್ದ ಜಾತಿಯದನ್ನು ಗಟ್ಟಿಯಾಗಿರುವಾಗಲೇ ಕಚ್ಚಿ, ನಿಮಗೆ ಆದಂತೆಯೇ ಆಗಿ, ಮನೆಯೊಡತಿಯಾದ ಮುದುಕಿಯಿಂದ ಪಾಠ ಕಲಿತೆ.

ನಿಮ್ಮ ಪೆಟ್ಟಿಗೆಯಲ್ಲಿ ಕಾಕಿಯದೇ ಎರಡು ತಳಿಗಳು ಸೇರಿವೆ. ಚಪ್ಪಟೆಯಾಗಿರುವುದು ಫುಯು ಎಂಬ ತಳಿಯ ಬಗೆಯಿರಬೇಕು. ಅದು ಸೇಬಿನಂತೆ ಗಟ್ಟಿಯಾಗಿರುವಾಗಲೇ ಸಿಪ್ಪೆ ಹೆರೆದು ತಿನ್ನಬಹುದಾದ ಒಗರಿಲ್ಲದ ಹಣ್ಣು. ಚೂಪಾಗಿರುವುದು ಹಚಿಯಾ ಎಂಬಂಥ ಒಗರು ತಳಿ; ಅದು ಪೂರ್ತಿ ಮೆತ್ತಗಾಗುವವರೆಗೆ ತಿನ್ನುವಂಥದಲ್ಲ. ಆಕಾರ ಒಂದು ಸೂಚನೆ ಮಾತ್ರ, ಆದ್ದರಿಂದ ಚಪ್ಪಟೆ ಹಣ್ಣನ್ನೂ ಮೊದಲು ಒಂದು ತೆಳುವಾದ ಹೋಳು ಕೊಯ್ದು ನೀವೇ ರುಚಿ ನೋಡಿರಿ. ಒಗರಿದ್ದರೆ ಅದನ್ನೂ ಮಾಗಲು ಇಡಿರಿ.

ಮಾಗಿಸುವುದು ಸುಲಭ. ಚೂಪು ಹಣ್ಣನ್ನು ಒಂದೆರಡು ಬಾಳೆಹಣ್ಣುಗಳ ಜೊತೆಗೆ ಕಾಗದದ ಚೀಲದಲ್ಲಿ ಕಟ್ಟಿ, ಇಲ್ಲವೇ ನಾವು ಮಾವಿನಕಾಯಿಯನ್ನು ಇಡುವಂತೆ ಅಕ್ಕಿಯ ಡಬ್ಬಿಯಲ್ಲಿ ಹುಗಿದು ಬೆಚ್ಚಗಿನ ಜಾಗದಲ್ಲಿಡಿರಿ. ಬಾಳೆಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಇದನ್ನೂ ಹಣ್ಣಾಗಿಸುತ್ತದೆ. ಒಂದು ವಾರವೂ ಹಿಡಿಯಬಹುದು, ಅವಸರ ಮಾಡಬಾರದು. ಬಣ್ಣ ನೋಡಿ ಮೋಸಹೋಗಬೇಡಿರಿ, ಏಕೆಂದರೆ ಬಣ್ಣ ಬಂದ ಎಷ್ಟೋ ದಿನಗಳ ನಂತರ ಒಗರು ಹೋಗುತ್ತದೆ. ಕೈಯಲ್ಲಿ ಹಿಡಿದರೆ ನೀರು ತುಂಬಿದ ಪುಗ್ಗೆಯಂತೆ ಇರಬೇಕು, ಸಿಪ್ಪೆಯ ಒಳಗೆ ತಿರುಳು ಅಲುಗುವಂತೆ ಕಾಣಬೇಕು. ಆಗ ಟೊಪ್ಪಿಗೆ ತೆಗೆದು ಚಮಚದಿಂದ ತಿರುಳನ್ನು ತೆಗೆದುಕೊಂಡು ತಿನ್ನಬಹುದು. ಒಗರು ಹೋಗುವುದೆಂದರೆ ಟ್ಯಾನಿನ್ ಮಾಯವಾಗುವುದಲ್ಲ. ಹಣ್ಣಿನೊಳಗೆ ಉಂಟಾಗುವ ಅಸಿಟಾಲ್ಡಿಹೈಡ್ ಎಂಬ ವಸ್ತುವಿನಿಂದ ಅದು ಒಂದಕ್ಕೊಂದು ಅಂಟಿ ಕರಗದ ರೂಪಕ್ಕೆ ಹೋಗುತ್ತದೆ. ಕರಗದಿದ್ದರೆ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳಲಾರದು, ನಾಲಿಗೆಗೂ ತಿಳಿಯದು. ವ್ಯಾಪಾರಕ್ಕೆ ಬೆಳೆಯುವವರು ಇಂಗಾಲದ ಡೈಆಕ್ಸೈಡ್ ತುಂಬಿದ ಕೋಣೆಯಲ್ಲಿಟ್ಟು ಇದೇ ಕೆಲಸವನ್ನು ಒಂದೆರಡು ದಿನಗಳಲ್ಲಿ ಮಾಡಿಸುತ್ತಾರೆ. ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಕರಗಿಸಿದರೂ ಒಗರು ಬಹುಮಟ್ಟಿಗೆ ಹೋಗುತ್ತದೆ.

ಜಪಾನ್ ಮತ್ತು ಕೊರಿಯಾದಲ್ಲಿ ಒಗರು ಜಾತಿಯ ಸಿಪ್ಪೆ ಹೆರೆದು ದಾರಕ್ಕೆ ಕಟ್ಟಿ ವಾರಗಟ್ಟಲೆ ಒಣಗಿಸುತ್ತಾರೆ. ಅದರ ಮೇಲೆ ಕಾಣುವ ಬಿಳಿ ಪುಡಿ ಬೂಷ್ಟಲ್ಲ, ಹಣ್ಣಿನೊಳಗಿಂದ ಹೊರಬಂದ ಅದರದೇ ಸಕ್ಕರೆ. ರುಚಿ ನಮ್ಮ ಅಂಜೂರಕ್ಕೆ ಹತ್ತಿರ. ಅತ್ತೆಯವರಿಗೆ ಮಾತ್ರ ಒಣಗಿದ್ದನ್ನು ತಂದುಕೊಡಬೇಡಿರಿ, ನೀರು ಹೋದ ಮೇಲೆ ಉಳಿಯುವುದು ಸಕ್ಕರೆಯ ಗಟ್ಟಿ.

ವಿದ್ಯಾನಗರದ ಆಹಾರ ತಜ್ಞೆ, ಹುಬ್ಬಳ್ಳಿ:

ಸರ್, ಒಣಹಣ್ಣಿನ ಮಾತನ್ನು ನೆನಪಿಸಿದ್ದು ಒಳ್ಳೆಯದಾಯಿತು. ಒಣಗಿದ ಕಾಕಿಯ ನೂರು ಗ್ರಾಮಿನಲ್ಲಿ 274 ಕ್ಯಾಲೊರಿ ಮತ್ತು 73 ಗ್ರಾಂ ಶರ್ಕರಪಿಷ್ಟ ಇರುತ್ತದೆ. ನಾರು 14.5 ಗ್ರಾಂ ಇದ್ದರೂ ಮಧುಮೇಹದವರಿಗೆ ಅದನ್ನು ನಾನು ಹೇಳುವುದಿಲ್ಲ.

ಅಕ್ಕಾವರೆ, ನಿನ್ನೆಯೇ ಕೇಳಬೇಕಾಗಿದ್ದ ಒಂದು ಮಾತು ಉಳಿದುಹೋಯಿತು. ಮನೆಯಲ್ಲಿ ಯಾರಿಗಾದರೂ ಈ ಹಿಂದೆ ಜಠರದ ಶಸ್ತ್ರಚಿಕಿತ್ಸೆ ಆಗಿದೆಯೇ? ಅಥವಾ ಸ್ವಲ್ಪ ಉಂಡರೂ ಗಂಟೆಗಟ್ಟಲೆ ಹೊಟ್ಟೆ ತುಂಬಿದಂತೆಯೇ ಇರುತ್ತದೆ ಎಂದು ಅತ್ತೆಯವರು ಹೇಳುತ್ತಾರೆಯೇ?

ಸಪ್ತಾಪುರದ ಸೊಸೆ, ಧಾರವಾಡ:

ಎಲ್ಲರಿಗೂ ಅನಂತ ಧನ್ಯವಾದಗಳು. ಅತ್ತೆಯವರಿಗೆ ಹಾಗೇನೂ ಇಲ್ಲ, ಊಟ ಚೆನ್ನಾಗಿ ಜೀರ್ಣವಾಗುತ್ತದೆ, ಮೂತ್ರಪಿಂಡದ ಪರೀಕ್ಷೆಯೂ ಸರಿಯಾಗಿಯೇ ಇದೆ. ಆದರೆ ನಿಮ್ಮ ಪ್ರಶ್ನೆಯನ್ನು ಓದಿ ಹೇಳಿದಾಗ ಮಾವನವರು ತಾವಾಗಿಯೇ ಅಂಗಿ ಎತ್ತಿ ಹೊಟ್ಟೆಯ ಮೇಲಿನ ಗಾಯದ ಗುರುತು ತೋರಿಸಿದರು. ನಾನು ಈ ಮನೆಗೆ ಬರುವ ಎಷ್ಟೋ ಮೊದಲು, 1985ರ ಸುಮಾರಿಗೆ, ಹೊಟ್ಟೆಯ ಹುಣ್ಣಿಗಾಗಿ ಅವರಿಗೆ ಆಪರೇಷನ್ ಆಗಿತ್ತಂತೆ. ಅಂದಿನಿಂದ ಅವರು ಸ್ವಲ್ಪಸ್ವಲ್ಪವೇ ಉಣ್ಣುತ್ತಾರೆ, ಈಗ ಹಲ್ಲುಗಳೂ ಕೆಲವೇ ಉಳಿದಿವೆ. ಮಧುಮೇಹ ಇರುವುದು ಅತ್ತೆಯವರಿಗೆಂದು ಅವರೊಬ್ಬರ ಬಗ್ಗೆಯೇ ಯೋಚಿಸುತ್ತಿದ್ದೆ. ಮಾವನವರಿಗೆ ಈ ಹಣ್ಣಿನಿಂದ ಏನಾದರೂ ತೊಂದರೆಯಾಗುವುದೇ?

ಕೇಶ್ವಾಪುರದ ಸಿಸ್ಟರ್:

ಅಕ್ಕಾ, ನಾನು ಎಂಡೋಸ್ಕೋಪಿ ವಿಭಾಗದಲ್ಲಿ ಹದಿನಾಲ್ಕು ವರ್ಷ ಶುಶ್ರೂಷಕಿಯಾಗಿ ಕೆಲಸ ಮಾಡಿದ್ದೇನೆ. ಮಾವನವರಿಗೆ ಈ ಹಣ್ಣನ್ನು ಕೊಡಬೇಡಿರಿ. ಕಾರಣವನ್ನು ಬಿಡಿಸಿ ಹೇಳುತ್ತೇನೆ, ಗದಗಿನ ಮಾಸ್ತರರ ಅಜ್ಜಿಯ ಮಾತಿಗೂ ಇದರಲ್ಲೇ ಉತ್ತರವಿದೆ.

ಕಾಕಿಯ ಟ್ಯಾನಿನ್ ಜಠರದ ಆಮ್ಲಕ್ಕೆ ಸೇರಿದಾಗ ಮತ್ತೆ ಅಂಟಂಟಾಗಿ ಹೆಪ್ಪುಗಟ್ಟುತ್ತದೆ. ಆ ಅಂಟಿನಲ್ಲಿ ಹಣ್ಣಿನ ನಾರು, ಸಿಪ್ಪೆ, ಉಳಿದ ಆಹಾರದ ಚೂರುಗಳು ಸಿಕ್ಕಿಕೊಂಡು ಉಂಡೆಯಾಗುತ್ತವೆ. ಆರೋಗ್ಯವಂತರ ಜಠರ ಆಹಾರವನ್ನು ಚೆನ್ನಾಗಿ ಕಡೆದು ಮುಂದಕ್ಕೆ ತಳ್ಳುವುದರಿಂದ ಮಾಗಿದ ಹಣ್ಣನ್ನು ಮಿತವಾಗಿ ತಿನ್ನುವವರಿಗೆ ಹೀಗಾಗುವುದು ಬಹಳ ಅಪರೂಪ. ಆದರೆ ಆ ಕಾಲದ ಹುಣ್ಣಿನ ಆಪರೇಷನ್ನಿನಲ್ಲಿ ಆಮ್ಲ ಕಡಿಮೆಯಾಗಲೆಂದು ಜಠರಕ್ಕೆ ಹೋಗುವ ವೇಗಸ್ ನರವನ್ನು ಕತ್ತರಿಸುತ್ತಿದ್ದರು, ಕೆಲವರಿಗೆ ಜಠರದ ಒಂದು ಭಾಗವನ್ನೇ ತೆಗೆಯುತ್ತಿದ್ದರು. ಅಂಥವರ ಜಠರಕ್ಕೆ ಮೊದಲಿನ ಹಾಗೆ ಕಡೆಯುವ, ತಳ್ಳುವ ಶಕ್ತಿ ಇರುವುದಿಲ್ಲ, ಅದರ ಮೇಲೆ ಹಲ್ಲಿಲ್ಲದೆ ನುಂಗಿದ ದೊಡ್ಡ ತುಂಡುಗಳು ಸೇರಿದರೆ ಉಂಡೆ ಕಟ್ಟಲು ಬೇಕಾದದ್ದೆಲ್ಲ ಒದಗಿದಂತೆ. ಹೀಗೆ ಕಟ್ಟಿದ ಗಂಟಿಗೆ ಬೆಝೋರ್ ಎನ್ನುತ್ತಾರೆ. ಕಾಕಿಯಿಂದಲೇ ಆಗುವುದಕ್ಕೆ ಅದರ ಕುಲದ ಹೆಸರನ್ನು ಹಚ್ಚಿ ಡಯೋಸ್ಪೈರೊಬೆಝೋರ್ ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ, ಈ ಹಣ್ಣನ್ನು ಹೆಚ್ಚಾಗಿ ತಿನ್ನುವ ಜಪಾನ್ ಮತ್ತು ಕೊರಿಯಾದ ವೈದ್ಯರಿಗೆ ಇದು ಚಿರಪರಿಚಿತ.

ನಮ್ಮ ವಿಭಾಗದಲ್ಲಿ ನಾನು ಕಂಡದ್ದು ಕಾಕಿಯದಲ್ಲ, ಬೇರೆ ನಾರಿನ ಉಂಡೆ. ಅವರೂ ಮಾವನವರಂತೆ ಹಳೆಯ ಆಪರೇಷನ್ ಆದವರೇ, ತಿಂಗಳುಗಟ್ಟಲೆ ಹೊಟ್ಟೆ ಭಾರವೆಂದು ಅಜೀರ್ಣದ ಮಾತ್ರೆ ನುಂಗುತ್ತಿದ್ದರು. ಅದನ್ನು ಒಳಗೇ ಒಡೆದು ಚೂರುಚೂರಾಗಿ ಹೊರತೆಗೆಯಲು ಎರಡು ದಿನ ಬೇಕಾಯಿತು. ಕಾಕಿಯ ಗಂಟು ಅದಕ್ಕಿಂತಲೂ ಗಟ್ಟಿ. ಅದನ್ನು ಕರಗಿಸಲು ವೈದ್ಯರು ಕೋಲಾ ಪಾನೀಯವನ್ನು ಬಳಸುವುದುಂಟು, ಹಾಗೆಂದು ಯಾರೂ ಮನೆಯಲ್ಲಿ ಪ್ರಯತ್ನಿಸಬಾರದು. ಅರೆಕರಗಿದ ಗಂಟು ಕರುಳಿಗೆ ಜಾರಿ ಅಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಹುಣ್ಣಿಗೆ ಈಗ ಇಂಥ ಆಪರೇಷನ್ ಅಪರೂಪವಾಗಿರುವುದರಿಂದ ನಿಮ್ಮ ತಲೆಮಾರಿನವರಿಗೆ ಇದು ಹೊಳೆಯುವುದಿಲ್ಲ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರು ಬಹುಪಾಲು ಹುಣ್ಣುಗಳಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣು ಕಾರಣವೆಂದು ತೋರಿಸಿದರು, 2005ರಲ್ಲಿ ಅದಕ್ಕಾಗಿ ನೊಬೆಲ್ ಪಡೆದರು. ಈಗ ಹೆಚ್ಚಿನವರಿಗೆ ಮಾತ್ರೆಗಳಿಂದಲೇ ವಾಸಿಯಾಗುತ್ತದೆ. ಆದರೆ ಅದಕ್ಕೂ ಹಿಂದಿನ ಆಪರೇಷನ್ನಿನ ಗುರುತು ಹೊತ್ತ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿ ಇದ್ದಾರೆ. ಯಾವ ಆಪರೇಷನ್ ಆಗಿತ್ತೆಂಬ ಹಳೆಯ ಕಾಗದವಿದ್ದರೆ ಹುಡುಕಿ ತೆಗೆದಿಡಿರಿ, ಮುಂದೆ ಯಾವ ವೈದ್ಯರ ಬಳಿ ಹೋದರೂ ಬೇಕಾಗುತ್ತದೆ.

ಅತ್ತೆಯವರಿಗೂ ನನ್ನದೊಂದು ಮಾತು. ಬಹಳ ವರ್ಷದ ಮಧುಮೇಹದಲ್ಲಿ ಕೆಲವರಿಗೆ ಇದೇ ವೇಗಸ್ ನರ ಸೋತು ಜಠರ ನಿಧಾನವಾಗುತ್ತದೆ, ಆಹಾರ ತಜ್ಞೆಯವರು ಹೊಟ್ಟೆ ತುಂಬಿದಂತಿರುವ ಬಗ್ಗೆ ಕೇಳಿದ್ದು ಅದಕ್ಕಾಗಿಯೇ. ಈಗ ತೊಂದರೆ ಇಲ್ಲವೆಂದಿರಿ, ಸಂತೋಷ. ಅವರು ಬರಿಯ ಹೊಟ್ಟೆಯಲ್ಲಿ ತಿನ್ನದೆ, ಸಿಪ್ಪೆ ತೆಗೆದು, ಸಣ್ಣ ಹೋಳು ಮಾಡಿ, ನಿಧಾನವಾಗಿ ಅಗಿದು ತಿನ್ನಲಿ. ಯಾರಿಗೇ ಆಗಲಿ ಇದನ್ನು ತಿಂದ ಮೇಲೆ ಮೇಲ್ಹೊಟ್ಟೆ ನೋವು, ವಾಂತಿ, ಎರಡು ತುತ್ತಿಗೇ ಹೊಟ್ಟೆ ತುಂಬುವುದು ಕಂಡರೆ ವೈದ್ಯರ ಬಳಿ ಹೋದಾಗ ಈ ಹಣ್ಣು ತಿಂದದ್ದನ್ನು ಬಾಯಿಬಿಟ್ಟು ಹೇಳಬೇಕು. ನಮ್ಮ ಕಡೆ ಇದು ಹೊಸ ಹಣ್ಣು, ಅವರಾಗಿಯೇ ಕೇಳಲಿಕ್ಕಿಲ್ಲ.

ಗದಗ ಮಾಸ್ತರ:

ಸಿಸ್ಟರ್ ಅವರಿಗೆ ನನ್ನ ನಮಸ್ಕಾರಗಳು. ಅಜ್ಜಿ ಹೇಳಿದ್ದು ಮಕ್ಕಳನ್ನು ಹೆದರಿಸುವ ಮಾತೆಂದೇ ಇಷ್ಟು ವರ್ಷ ತಿಳಿದಿದ್ದೆ.

ಸಪ್ತಾಪುರದ ಸೊಸೆ, ಧಾರವಾಡ:

ನಾಲ್ಕು ದಿನಗಳ ನಂತರ ಬರೆಯುತ್ತಿದ್ದೇನೆ. ಚಪ್ಪಟೆ ಹಣ್ಣಿನ ಒಂದು ಹೋಳನ್ನು ಮೊದಲು ನಾನೇ ತಿಂದು ನೋಡಿದೆ, ಒಗರಿರಲಿಲ್ಲ. ತೂಕದ ಯಂತ್ರದಲ್ಲಿಟ್ಟು ಎಂಬತ್ತು ಗ್ರಾಂ ಅಳೆದು, ಸಿಪ್ಪೆ ಹೆರೆದು, ನಾಲ್ಕು ಹುರಿದ ಶೇಂಗಾ ಬೀಜದ ಜೊತೆಗೆ ಅತ್ತೆಯವರಿಗೆ ಕೊಟ್ಟೆ. ತಿನ್ನುವ ಮೊದಲು ಸಕ್ಕರೆ 128 ಇತ್ತು, ಎರಡು ಗಂಟೆಯ ನಂತರ 161. ಬಿಸ್ಕತ್ತಿನ ದಿನ ಅಳೆದಾಗ ಇದಕ್ಕಿಂತ ಹೆಚ್ಚಾಗಿತ್ತು. ದಿನ ಬಿಟ್ಟು ದಿನ ಹೀಗೆಯೇ ಕೊಡುತ್ತಿದ್ದೇನೆ, ಡಾಕ್ಟರರ ಮುಂದಿನ ಭೇಟಿಗೆ ಈ ಅಂಕಿಗಳನ್ನು ಬರೆದಿಟ್ಟಿದ್ದೇನೆ. ಮಗಳಿಗೆ ಹಣ್ಣಿನ ರುಚಿ ಹಿಡಿಸಿದೆ, ಅವಳ ಪಾಲಿನ ಅರ್ಧವನ್ನು ಕೇಳಿ ಪಡೆಯುತ್ತಾಳೆ.

ಮಾವನವರಿಗೆ ಅದೇ ಹೊತ್ತಿಗೆ ಚೆನ್ನಾಗಿ ಮಾಗಿದ ಪಪ್ಪಾಯಿಯ ಹೋಳುಗಳನ್ನು ಕೊಡುತ್ತೇನೆ. ಅಲಮಾರಿಯ ಮೇಲಿನ ಟ್ರಂಕಿನಲ್ಲಿ ಹುಡುಕಿದಾಗ ಅವರ ಆಪರೇಷನ್ನಿನ ಕಾಗದ ಸಿಕ್ಕಿತು, ಅಂಚು ಹರಿದಿದ್ದರೂ ಅಕ್ಷರಗಳನ್ನು ಓದಬಹುದು. ಅದರ ಮೂರು ಜೆರಾಕ್ಸ್ ಪ್ರತಿ ಮಾಡಿಸಿ ಅವರ ಔಷಧದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಉಳಿದ ಒಂದು ಚೂಪು ಹಣ್ಣು ಬಾಳೆಹಣ್ಣಿನ ಜೊತೆಗೆ ಅಕ್ಕಿಯ ಡಬ್ಬಿಯಲ್ಲಿದೆ. ಇಂದು ಬೆಳಿಗ್ಗೆ ಒತ್ತಿ ನೋಡಿದೆ, ಇನ್ನೂ ಗಟ್ಟಿಯಾಗಿಯೇ ಇದೆ.